ಆರು ಅಕ್ಷರ, ಐದು ಪದ

ಎಲ್ಲರಿಗೂ ನಮಸ್ಕಾರ.

ನಾನು ಕನ್ನಡ ಮಾಧ್ಯಮದ ಮಕ್ಕಳಿಗೆ ಇಂಗ್ಲಿಷ್ ಕಲಿಸಿದವನು. ಒಂದು ದಿನ ಉಕ್ತಲೇಖನ ಕೊಡುವಾಗ ‘ಲಿಸನ್’ ಅಂದೆ. ಒಬ್ಬ ಹುಡುಗಿ ಎಲ್, ಐ, ಎಸ್, ಎ, ಎನ್ ಅಂತ ಬರೆದಳು. ಕೆಂಪು ಶಾಯಿಯಲ್ಲಿ ತಿದ್ದಿ, ಹತ್ತು ಸಲ ಬರೆದು ತರಲು ಹೇಳಿದೆ. ಬರೆದು ತಂದಳು. ಮುಂದಿನ ವಾರ ಮತ್ತೆ ಅದೇ ತಪ್ಪು. ಆ ಮಗು ಕಿವಿಗೆ ಬಿದ್ದದ್ದನ್ನೇ ಬರೆದಿತ್ತು. ಕನ್ನಡ ನಮಗೆ ಕಲಿಸಿದ್ದೂ ಅದನ್ನೇ ಅಲ್ವಾ? ನುಡಿದಂತೆ ಬರೆ, ಬರೆದಂತೆ ಓದು.

ಆಮೇಲೆ ನಾನು ದಾರಿ ಬದಲಿಸಿದೆ. ಲಿಸನ್‌ನ ಆರು ಅಕ್ಷರಗಳನ್ನು ರಟ್ಟಿನ ಚೂರುಗಳ ಮೇಲೆ ಬರೆದು ಮೇಜಿನ ಮೇಲೆ ಹರಡಿದೆ. ಎಲ್, ಐ, ಎಸ್, ಟಿ, ಇ, ಎನ್. ಇವುಗಳಿಂದ ಬೇರೆ ಪದ ಹುಡುಕಿ ಅಂದೆ. ಸ್ವಲ್ಪ ಹೊತ್ತಿಗೆ ‘ಸೈಲೆಂಟ್’ ಬಂತು. ನೋಡಿ, ಲಿಸನ್‌ನಲ್ಲಿ ತುಟಿ ಬಿಚ್ಚದ ಟಿ ಅಕ್ಷರ ಸೈಲೆಂಟ್‌ನ ಕೊನೆಯಲ್ಲಿ ಸದ್ದು ಮಾಡುತ್ತದೆ. ಆ ಟಿ ಚೂರನ್ನು ತನ್ನ ಕೈಯಿಂದಲೇ ಎತ್ತಿ ಇಟ್ಟ ಮಗು ಅದನ್ನು ಮತ್ತೆ ಬಿಟ್ಟು ಬರೆಯಲಿಲ್ಲ. ಅದೇ ಆರು ಚೂರುಗಳಲ್ಲಿ ಇನ್ನೂ ಮೂರು ಪದಗಳಿವೆ. ಸೇನೆಗೆ ಸೇರುವ ‘ಎನ್‌ಲಿಸ್ಟ್’, ಅಲಂಕಾರದ ಮಿನುಗು ಜರಿ ‘ಟಿನ್ಸೆಲ್’, ನೀರು ಒಳಗೆ ಬರುವ ದಾರಿಗಳಾದ ‘ಇನ್‌ಲೆಟ್ಸ್’.

ಕನ್ನಡದಲ್ಲೂ ಈ ಆಟ ಇದೆ. ನದಿ ತಿರುಗಿಸಿದರೆ ದಿನ. ವನ ತಿರುಗಿಸಿದರೆ ನವ. ದಾಸ ತಿರುಗಿಸಿದರೆ ಸದಾ. ಆದರೆ ನಮ್ಮ ‘ದಿ’ ಎಲ್ಲಿ ಕೂತರೂ ‘ದಿ’ಯೇ. ಇಂಗ್ಲಿಷ್ ಅಕ್ಷರ ಹಾಗಲ್ಲ. ಪಕ್ಕದಲ್ಲಿ ಯಾರು ಕೂತಿದ್ದಾರೆ ಅಂತ ನೋಡಿ ದನಿ ಬದಲಿಸುತ್ತದೆ, ಕೆಲವು ಸಲ ಸುಮ್ಮನಾಗುತ್ತದೆ. ಅದಕ್ಕೇ ಇಂಗ್ಲಿಷ್ ಸ್ಪೆಲಿಂಗ್ ಕಲಿಯುವಾಗ ಕಿವಿಯ ಜೊತೆ ಕಣ್ಣಿಗೂ ಕೆಲಸ ಕೊಡಬೇಕು ಅಂತ ನಾನು ಇಷ್ಟು ಒತ್ತಿ ಹೇಳುತ್ತೇನೆ.

ಸರಿ, ಹುಡುಕುವುದು ಹೇಗೆ? ಆರು ಬೇರೆ ಬೇರೆ ಅಕ್ಷರಗಳನ್ನು 720 ರೀತಿಯಲ್ಲಿ ಜೋಡಿಸಬಹುದು. ಏಳಾದರೆ 5,040. ಸುಮ್ನೆ ಅದಲು ಬದಲು ಮಾಡುತ್ತಾ ಕೂತರೆ ಬೆಳಗಾಗುತ್ತದೆ. ಪಳಗಿದವರು ಹಾಗೆ ಮಾಡುವುದಿಲ್ಲ. ಯಾವ ಅಕ್ಷರಗಳು ಜೊತೆಗಿರಲು ಇಷ್ಟಪಡುತ್ತವೆ ಅಂತ ನೋಡುತ್ತಾರೆ. ಕ್ಯೂ ಇದ್ದರೆ ಪಕ್ಕದಲ್ಲಿ ಯು ಇಟ್ಟು ನೋಡುತ್ತಾರೆ. ಐ, ಎನ್, ಜಿ ಮೂರೂ ಇದ್ದರೆ ಬಾಲಕ್ಕೆ ಎತ್ತಿಡುತ್ತಾರೆ.

ಒಂದು ಉದಾಹರಣೆ ಬಿಡಿಸಿ ತೋರಿಸುತ್ತೇನೆ. ಎ, ಇ, ಐ, ಎನ್, ಆರ್, ಎಸ್, ಟಿ. ಮೊದಲು ಆರ್ ಮತ್ತು ಇ ಎರಡನ್ನೂ ಮುಂದೆ ಇಡಿ. ಉಳಿದ ಐದರಲ್ಲಿ ‘ಟೇನ್ಸ್’ ಕಾಣುತ್ತದೆ. ಪದ ‘ರಿಟೇನ್ಸ್’. ಈಗ ಅದೇ ಜೋಡಿಯನ್ನು ಇ, ಆರ್ ಮಾಡಿ ಹಿಂದೆ ಕಳಿಸಿ. ಮುಂದೆ ಉಳಿದದ್ದು ‘ಸ್ಟೇನ್’. ಪದ ‘ಸ್ಟೇನರ್’, ಅಂದರೆ ಬಣ್ಣ ಹಚ್ಚುವವನು. ಬಾಲಕ್ಕೆ ಒಂದು ಐ ಕೂಡ ಸೇರಿಸಿ, ಐ-ಇ-ಆರ್. ಆಗ ‘ನ್ಯಾಸ್ಟಿಯರ್’ ಹುಟ್ಟುತ್ತದೆ. ಕಣ್ಣಿನ ರೆಟಿನಾ ಗೊತ್ತಲ್ಲ, ಅದರ ಬಹುವಚನವೂ ಇದರಲ್ಲೇ ಅಡಗಿದೆ. ಒಂದು ಕಿವಿಮಾತು: ಅಕ್ಷರಗಳನ್ನು ಸಾಲಾಗಿ ಬರೆಯಬೇಡಿ, ದುಂಡಗೆ ಬರೆಯಿರಿ. ಸಾಲಾಗಿ ಬರೆದರೆ ಕಣ್ಣು ಆ ಸಾಲನ್ನೇ ಓದುತ್ತಾ ಸಿಕ್ಕಿಕೊಳ್ಳುತ್ತದೆ.

ಕಂಪ್ಯೂಟರ್ ಮಾಡುವ ಉಪಾಯ ಬೇರೆ. ನನಗೆ ಅದು ಬಹಳ ಇಷ್ಟ. ಅಂಚೆ ಕಚೇರಿಯಲ್ಲಿ ಕಾಗದ ವಿಂಗಡಿಸುವ ಖಾನೆಗಳನ್ನು ನೆನಪಿಸಿಕೊಳ್ಳಿ. ನಿಘಂಟಿನ ಒಂದೊಂದು ಪದವನ್ನೂ ತೆಗೆದುಕೊಂಡು, ಅದರ ಅಕ್ಷರಗಳನ್ನು ಎ ಯಿಂದ ಝಡ್‌ವರೆಗಿನ ಕ್ರಮದಲ್ಲಿ ಜೋಡಿಸಬೇಕು. ಲಿಸನ್ ಹೀಗಾಗುತ್ತದೆ: ಇ, ಐ, ಎಲ್, ಎನ್, ಎಸ್, ಟಿ. ಸೈಲೆಂಟ್ ಜೋಡಿಸಿದರೂ ಅದೇ ಬರುತ್ತದೆ. ಅದೇ ಆ ಪದದ ವಿಳಾಸ. ಐದು ಪದಗಳಿಗೂ ಒಂದೇ ವಿಳಾಸ, ಒಂದೇ ಖಾನೆ. ನೀವು ಯಾವ ಕ್ರಮದಲ್ಲಿ ಅಕ್ಷರ ಕೊಟ್ಟರೂ ಅವನ್ನು ಜೋಡಿಸಿ ಆ ಖಾನೆಗೆ ಕೈ ಹಾಕಿದರೆ ಸಾಕು. 720 ಸಲ ಅಲ್ಲ, ಒಂದೇ ಸಲ. ಚಿಕ್ಕ ಪದಗಳೂ ಬೇಕಾ? ಆರು ಅಕ್ಷರಗಳಲ್ಲಿ ಕೆಲವನ್ನು ಮಾತ್ರ ಆರಿಸುವ ಎಲ್ಲ ಬಗೆ ಸೇರಿದರೂ 63 ಖಾನೆ ನೋಡಿದರೆ ಮುಗಿಯಿತು.

ಇಲ್ಲಿ ಒಂದು ಕಡೆ ನಮ್ಮ ಮಕ್ಕಳು ಎಡವುತ್ತಾರೆ. ಈ ಆರರಲ್ಲಿ ‘ಸ್ಟಿಲ್’ ಸಿಕ್ಕಿತು ಅಂತ ಕೈ ಎತ್ತುತ್ತಾರೆ. ಅದಕ್ಕೆ ಎರಡು ಎಲ್ ಬೇಕು. ನಮ್ಮ ಹತ್ತಿರ ಇರುವುದು ಒಂದೇ. ಕಿವಿಗೆ ಕೇಳದ ಆ ಎರಡನೇ ಎಲ್ ಚೂರುಗಳನ್ನು ಎಣಿಸಿದಾಗ ಗೊತ್ತಾಗುತ್ತದೆ.

ಎಣಿಕೆ ಅಂದಾಗ ಆಲ್ಫ್ರೆಡ್ ಬಟ್ಸ್ ನೆನಪಾಗುತ್ತಾರೆ. ನ್ಯೂಯಾರ್ಕಿನ ಕಟ್ಟಡ ವಿನ್ಯಾಸಕಾರ. 1930ರ ದಶಕದ ಆರ್ಥಿಕ ಕುಸಿತದಲ್ಲಿ ಕೆಲಸ ಹೋಯಿತು. ಆಗ ಪತ್ರಿಕೆಯ ಪುಟಗಳಲ್ಲಿ ಯಾವ ಅಕ್ಷರ ಎಷ್ಟು ಸಲ ಬರುತ್ತದೆ ಅಂತ ಕೈಯಾರೆ ಎಣಿಸಿ, ಅಕ್ಷರದ ಬಿಲ್ಲೆಗಳನ್ನು ಜೋಡಿಸಿ ಪದ ಮಾಡಿ ಅಂಕ ಗಳಿಸುವ ಒಂದು ಆಟ ಕಟ್ಟಿದರು. 1948ರಲ್ಲಿ ಅದಕ್ಕೆ ಸ್ಕ್ರ್ಯಾಬಲ್ ಅನ್ನುವ ಹೆಸರು ಬಂತು. ಅದರ 100 ಬಿಲ್ಲೆಗಳಲ್ಲಿ 12 ಬಿಲ್ಲೆ ಇ ಅಕ್ಷರದ್ದು. ಕ್ಯೂ, ಝಡ್ ಒಂದೊಂದೇ. ಅದಕ್ಕೇ ಅವಕ್ಕೆ 10 ಅಂಕ. ಎಸ್ ಮಾತ್ರ ಬೇಕೆಂದೇ ನಾಲ್ಕಕ್ಕೆ ನಿಲ್ಲಿಸಿದರು. ಇಲ್ಲದಿದ್ದರೆ ಎಲ್ಲರೂ ಬಹುವಚನ ಮಾಡಿಯೇ ಗೆದ್ದುಬಿಡುತ್ತಿದ್ದರು.

ಬಿಲ್ಲೆ ಕೊಳ್ಳಲು ದುಡ್ಡು ಬೇಕಿಲ್ಲ. ಬಸ್ಸಿನ ಕಿಟಕಿಯಿಂದ ವಾಹನಗಳ ನಂಬರ್ ಪ್ಲೇಟ್ ನೋಡಿ. ನಮ್ಮಲ್ಲಿ ಕೆ ಮತ್ತು ಎ ಹೇಗೂ ಇರುತ್ತವೆ. ಜೊತೆಗೆ ಎಂ, ಬಿ ಸಿಕ್ಕಿತು ಅಂದುಕೊಳ್ಳಿ. ಈ ನಾಲ್ಕೂ ಇರುವ ಪದ ಯಾವುದು? ಬೇರೆ ಅಕ್ಷರ ಸೇರಿಸಬಹುದು. ನನಗೆ ಒಮ್ಮೆ ಹೀಗೆ ಹೊಳೆದದ್ದು ‘ಎಂಬಾರ್ಕ್’. ಪ್ರಯಾಣ ಹೊರಡುವುದು ಅಂತ ಅರ್ಥ. ಬಸ್ಸಿನಲ್ಲಿ ಕೂತು ಆ ಪದ ಸಿಕ್ಕಿದಾಗ ಎಷ್ಟು ಖುಷಿಯಾಯಿತು ಗೊತ್ತಾ!

ಈಗ ನಿಮ್ಮ ಸರದಿ. ಬೋರ್ಡ್ ಮೇಲೆ ಆರು ಅಕ್ಷರ ದುಂಡಗೆ ಬರೆದಿದ್ದೇನೆ. ಎ, ಡಿ, ಇ, ಜಿ, ಎನ್, ಆರ್. ಆರನ್ನೂ ಬಳಸಬೇಕು. ಒಂದು ಪದದೊಳಗೆ ಹೂ ಬೆಳೆಯುತ್ತೇವೆ. ಇನ್ನೊಂದನ್ನು ಕರೆಂಟಿನ ಟ್ರಾನ್ಸ್‌ಫಾರ್ಮರ್ ಮೇಲೆ ಕೆಂಪಕ್ಷರದಲ್ಲಿ ಬರೆದಿರುತ್ತಾರೆ. ಹಿಂದಿನ ಸಾಲಿನಲ್ಲಿ ಕೂತಿರುವ ಮಕ್ಕಳು ಮೊದಲು ಹೇಳಿ.