ಹತ್ತು ಮಂದಿ ಹೌದೆಂದರು, ಇಬ್ಬರು ಇಲ್ಲವೆಂದರು

ಕೇಳುಗರಿಗೆ ನಮಸ್ಕಾರ.

ಮೊನ್ನೆ ಬದಿಯಡ್ಕದ ಚಾ ಅಂಗಡಿಯಲ್ಲಿ ಜ್ಯೂರಿ ವಿಷಯ ಬಂತು. ಜ್ಯೂರಿ ಅಂದರೆ ಕೋರ್ಟಿನಲ್ಲಿ ಕೂತು ಆರೋಪಿ ತಪ್ಪಿತಸ್ಥನೋ ಅಲ್ಲವೋ ಎಂದು ಹೇಳುವ ಸಾಮಾನ್ಯ ಜನರ ಗುಂಪು. ಜ್ಯೂರಿ ಅಂದ ಕೂಡಲೇ ನಮ್ಮ ಹಿರಿಯರಿಗೆ ನೆನಪಾಗುವುದು ನಾನಾವತಿ ಕೇಸು, ಹೆಂಡತಿಯ ಪ್ರಿಯಕರನನ್ನು ಗುಂಡಿಟ್ಟು ಕೊಂದ ನೌಕಾಪಡೆಯ ಅಧಿಕಾರಿಯದ್ದು. 1959ರಲ್ಲಿ ಮುಂಬೈಯ ಜ್ಯೂರಿ ಎಂಟಕ್ಕೆ ಒಂದರಂತೆ ನಿರ್ದೋಷಿ ಅಂದಿತು. ಸೆಷನ್ಸ್ ಜಡ್ಜರು ಒಪ್ಪದೆ ಹೈಕೋರ್ಟಿಗೆ ಕಳಿಸಿದರು. ಅಲ್ಲಿ ಜೀವಾವಧಿ ಶಿಕ್ಷೆಯಾಯಿತು.

“ಅದು ಬಿಡುಗಡೆ ರದ್ದಾದ ಕತೆ. ಜ್ಯೂರಿ ತಪ್ಪಿತಸ್ಥ ಅಂದ ಮೇಲೆ ಶಿಕ್ಷೆ ರದ್ದಾದದ್ದು ಉಂಟಾ ಮಾರಾಯ್ರೇ?” ಅಡಿಕೆ ಕೃಷಿಕರೊಬ್ಬರು ಕೇಳಿದರು.

ಉಂಟು. ಅಮೆರಿಕದ ಲೂಸಿಯಾನಾ ರಾಜ್ಯದಲ್ಲಿ 2016ರಲ್ಲಿ ಒಬ್ಬನಿಗೆ ಕೊಲೆ ಕೇಸಿನಲ್ಲಿ ಜೀವಾವಧಿ ಶಿಕ್ಷೆಯಾಯಿತು. ಜ್ಯೂರಿಯ ಹನ್ನೆರಡು ಜನರಲ್ಲಿ ಹತ್ತು ಮಂದಿ ಅಪರಾಧಿ ಅಂದರು. ಇಬ್ಬರು ಇಲ್ಲ ಅಂದರು. ಆ ರಾಜ್ಯದಲ್ಲಿ ಹತ್ತು ಸಾಕಿತ್ತು.

ನಮ್ಮ ಬ್ರಹ್ಮಕಲಶದ ಸಮಿತಿಯಲ್ಲಾದರೆ ಕೈ ಎತ್ತಿಸಿ ಮುಗಿಸುತ್ತೇವೆ, ಸರಿ. ಜೈಲಿಗೆ ಕಳಿಸುವುದು ಹಾಗಲ್ಲ ಅಲ್ವಾ? ಈ ನಿಯಮ ಹುಟ್ಟಿದ ಬಗೆಯೂ ಕೆಟ್ಟದ್ದೇ. ಕಪ್ಪು ಜನರನ್ನು ಜ್ಯೂರಿಯಿಂದ ನೇರವಾಗಿ ಹೊರಗಿಡಲು ಕಾನೂನು ಬಿಡುತ್ತಿರಲಿಲ್ಲ. ಅದಕ್ಕೆ 1898ರಲ್ಲಿ ಅಲ್ಲಿನ ಬಿಳಿಯ ನಾಯಕರು ಒಂದು ಉಪಾಯ ಮಾಡಿದರು. ಹನ್ನೆರಡರಲ್ಲಿ ಒಂಬತ್ತು ಮತ ಸಾಕು ಎಂದರು. ಕಪ್ಪು ಜನ ಒಬ್ಬಿಬ್ಬರು ಕೂತುಕೊಳ್ಳಲಿ, ಮಾತಾಡಲಿ, ಲೆಕ್ಕಕ್ಕೆ ಮಾತ್ರ ಬೇಡ! ಆಮೇಲೆ ಒಂಬತ್ತು ಹತ್ತಾಯಿತು, ಅಷ್ಟೇ. ಕಾಸರಗೋಡಿನಲ್ಲಿ ಕನ್ನಡ ಮಾತಾಡುವ ನನಗೆ ಈ ಲೆಕ್ಕ ಚೆನ್ನಾಗಿ ಅರ್ಥವಾಗುತ್ತದೆ.

2020ರ ಏಪ್ರಿಲ್‌ನಲ್ಲಿ ಅಮೆರಿಕದ ಸುಪ್ರೀಂ ಕೋರ್ಟು, ದೊಡ್ಡ ಅಪರಾಧಕ್ಕೆ ಹನ್ನೆರಡೂ ಜನ ಒಪ್ಪಲೇಬೇಕು ಎಂದಿತು. ಲೂಸಿಯಾನಾದ ಆ ಕೊಲೆ ಕೇಸಿನವನ ಶಿಕ್ಷೆ ರದ್ದಾಯಿತು. ಮತ್ತೆ ವಿಚಾರಣೆ ನಡೆದು, 2023ರಲ್ಲಿ ಹೊಸ ಜ್ಯೂರಿ ಅವನನ್ನು ನಿರ್ದೋಷಿ ಎಂದಿತು. ಮೊದಲ ಸಲ ಯಾರೂ ಕೇಳದ ಆ ಇಬ್ಬರಿಗೆ ಸುದ್ದಿ ತಲುಪಿತೋ ಏನೋ.

“ಹಾಗಾದರೆ ಹಳೆಯ ಕೈದಿಗಳು?” ಎಂದರು ನಮ್ಮ ಕೃಷಿಕರು.

ಅಲ್ಲೇ ಇರುವುದು ತೊಡಕು. ಅಪೀಲು ಮುಗಿದ ಹಳೆಯ ಕೇಸುಗಳಿಗೆ ಈ ತೀರ್ಪು ತಾನಾಗಿ ಅನ್ವಯಿಸುವುದಿಲ್ಲ ಎಂದು 2021ರಲ್ಲಿ ಅದೇ ಕೋರ್ಟು ಹೇಳಿತು. ಹತ್ತು ಮತದ ಪದ್ಧತಿ ಒರೆಗಾನ್‌ನಲ್ಲೂ ಇತ್ತು. ಅಲ್ಲಿನ ಸುಪ್ರೀಂ ಕೋರ್ಟು 2022ರ ಕೊನೆಗೆ ಹಳೆಯವರಿಗೂ ಬಾಗಿಲು ತೆರೆಯಿತು. ಲೂಸಿಯಾನಾದ ಕೋರ್ಟು ತೆರೆಯಲಿಲ್ಲ.

ಕೃಷಿಕರು ಗ್ಲಾಸು ಕೆಳಗಿಟ್ಟು ನಕ್ಕರು. “ಅಂದರೆ ನಮ್ಮ ಕರ್ನಾಟಕ-ಕೇರಳ ಗಡಿಯ ಹಾಗೆ ಅಲ್ಲೂ ಒಂದು ತಲಪಾಡಿ ಉಂಟು.”