ನೋಡೋಕೆ ಬರಬೇಡಿ, ಜೊತೆಗೆ ಆಡೋಕೆ ಬನ್ನಿ

ಕೇಳುಗರಿಗೆ ನಮಸ್ಕಾರ.

ಅಂಗವಿಕಲ ಮಕ್ಕಳ ಶಾಲೆಗೆ ಹೊರಗಿನವರು ಬರುವುದು ಹೊಸದೇನಲ್ಲ. ಯಾರದೋ ಹುಟ್ಟುಹಬ್ಬ ಇರುತ್ತದೆ, ಯಾವುದೋ ಸಂಘದ ವಾರ್ಷಿಕೋತ್ಸವ ಇರುತ್ತದೆ. ನೋಟ್‌ಪುಸ್ತಕ ಹಂಚುತ್ತಾರೆ, ಮಕ್ಕಳನ್ನು ಸಾಲಾಗಿ ನಿಲ್ಲಿಸಿ ಫೋಟೋ ತೆಗೆಸಿಕೊಳ್ಳುತ್ತಾರೆ, ‘ಅಯ್ಯೋ ಪಾಪ’ ಅಂದುಕೊಂಡು ಹೊರಡುತ್ತಾರೆ. ಅವರ ಮನಸ್ಸು ಒಳ್ಳೆಯದೇ. ಆದರೆ ಒಂದು ಮಗುವಿನ ಹೆಸರಾದರೂ ಅವರಿಗೆ ನೆನಪಿರುತ್ತದಾ? ನಾಳೆ ಬಸ್ಸಿನಲ್ಲಿ ಅದೇ ಮಗು ಸಿಕ್ಕರೆ ಮಾತಾಡಿಸುತ್ತಾರಾ?

ಸುಮ್ನೆ ಎದುರುಬದುರು ಬಂದ ಮಾತ್ರಕ್ಕೆ ಜನರ ಪೂರ್ವಗ್ರಹ ಹೋಗುವುದಿಲ್ಲ ಎಂದು ಮನಶ್ಶಾಸ್ತ್ರಜ್ಞ ಗಾರ್ಡನ್ ಆಲ್‌ಪೋರ್ಟ್ 1954ರಲ್ಲೇ ಬರೆದರು. ಇಬ್ಬರೂ ಸರಿಸಮ ನಿಲ್ಲಬೇಕು, ಇಬ್ಬರಿಗೂ ಬೇಕಾದ ಒಂದು ಕೆಲಸಕ್ಕೆ ಜೊತೆಯಾಗಿ ಕೈ ಹಾಕಬೇಕು, ಹಿರಿಯರ ಬೆಂಬಲವೂ ಇರಬೇಕು ಎಂದರು. ಕೊಡುವವರು ಒಂದು ಕಡೆ, ಕೈಯೊಡ್ಡುವವರು ಇನ್ನೊಂದು ಕಡೆ ಇದ್ದರೆ ಸರಿಸಮ ಎಲ್ಲಿಂದ ಬರಬೇಕು?

ಗೋಲ್‌ಬಾಲ್ ಎಂಬ ಆಟ ನನಗೆ ಇಷ್ಟವಾಗುವುದು ಇದಕ್ಕೇ. ಎರಡನೇ ಮಹಾಯುದ್ಧದಲ್ಲಿ ಕಣ್ಣು ಕಳೆದುಕೊಂಡ ಸೈನಿಕರಿಗಾಗಿ 1946ರಲ್ಲಿ ಶುರುವಾದ ಆಟ ಇದು. 1976ರಲ್ಲಿ ಪ್ಯಾರಾಲಿಂಪಿಕ್ಸ್‌ಗೂ ಸೇರಿತು. ಒಂದೊಂದು ತಂಡದಲ್ಲಿ ಮೂವರು. ಚೆಂಡಿನೊಳಗೆ ಗಂಟೆ ಇರುತ್ತದೆ. ಅಂಗಳದ ಗೆರೆಗಳಿಗೆ ದಾರ ಎಳೆದು ಮೇಲೆ ಟೇಪ್ ಅಂಟಿಸಿರುತ್ತಾರೆ, ಮುಟ್ಟಿದರೆ ಗೊತ್ತಾಗಲಿ ಅಂತ. ಆಡುವವರೆಲ್ಲರ ಕಣ್ಣಿಗೂ ಪಟ್ಟಿ.

ಪಕ್ಕದ ಶಾಲೆಯ ಮಕ್ಕಳನ್ನು ಈ ಆಟಕ್ಕೆ ಕರೆದು ನೋಡಿ. ಎರಡೂ ಶಾಲೆಯವರನ್ನು ಬೆರೆಸಿ ತಂಡ ಮಾಡಿ. ಪಟ್ಟಿ ಕಟ್ಟಿದ ತಕ್ಷಣ ಕಣ್ಣು ಕಾಣುವ ಹುಡುಗನಿಗೆ ಯಾವ ಕಡೆ ನಿಂತಿದ್ದೇನೆ ಅನ್ನುವುದೇ ತಿಳಿಯುವುದಿಲ್ಲ. ಆಗ ಪಕ್ಕದಲ್ಲಿರುವ ಕುರುಡು ಹುಡುಗಿ ಹೇಳಬೇಕು: ‘ಕಾಲಲ್ಲಿ ಗೆರೆ ಹುಡುಕು. ಈಗ ಗಂಟೆ ಕೇಳಿಸ್ಕೋ, ನಿನ್ನ ಎಡಕ್ಕೆ ಬರ್ತಿದೆ.’ ಇಲ್ಲಿ ಕಲಿಸುವವಳು ಅವಳು. ನೋಡುತ್ತಾ ಕೂತವರು ಆಟ ನಡೆಯುವಾಗ ಬಾಯಿ ಮುಚ್ಚಿಕೊಂಡಿರಬೇಕು, ಇಲ್ಲದಿದ್ದರೆ ಚೆಂಡಿನ ಸದ್ದು ಕೇಳಿಸುವುದಿಲ್ಲ. ಗೋಲ್ ಆದ ಮೇಲೆ ಎಷ್ಟು ಬೇಕಾದರೂ ಕೂಗಬಹುದು!

ಇನ್ನು, ಊರು ಶಾಲೆಯೊಳಗೆ ಬಂದರೆ ಸಾಲದು, ಮಕ್ಕಳೂ ಊರೊಳಗೆ ಹೋಗಬೇಕು ಅಲ್ವಾ? ಎಲ್ಲರಿಗೂ ಇರುವ ಸೌಲಭ್ಯಗಳು ಅಂಗವಿಕಲರಿಗೂ ಸಮಾನವಾಗಿ ಸಿಗಬೇಕು ಎಂದು ಅಂಗವಿಕಲರ ಹಕ್ಕುಗಳ ಬಗ್ಗೆ 2006ರಲ್ಲಿ ಆದ ವಿಶ್ವಸಂಸ್ಥೆಯ ಒಪ್ಪಂದದ 19ನೇ ವಿಧಿ ಹೇಳುತ್ತದೆ. ಅಂದರೆ ಗ್ರಂಥಾಲಯ, ಬಸ್ಸು, ಆಟದ ಮೈದಾನ ಎಲ್ಲವೂ ಈ ಮಕ್ಕಳದ್ದೂ ಹೌದು.

ಗ್ರಂಥಾಲಯವನ್ನೇ ತಗೊಳ್ಳಿ. ಮಾತು ಬಾರದ ಮಗು ಚಿತ್ರಗಳಿರುವ ಹಲಗೆ ಹಿಡಿದು ಹೋಗುತ್ತದೆ. ‘ಪುಸ್ತಕ’, ‘ಬೇಕು’, ‘ಆನೆ’ ಎಂದು ಒಂದೊಂದೇ ಚಿತ್ರದ ಮೇಲೆ ಬೆರಳಿಡುತ್ತದೆ. ಇದಕ್ಕೆ ಸಮಯ ಬೇಕು. ಅಲ್ಲಿನ ಸಿಬ್ಬಂದಿ ಅವಸರಪಟ್ಟು ಜೊತೆಗೆ ಬಂದ ಟೀಚರ್ ಮುಖ ನೋಡಿ ‘ಏನಂತೆ ಇವನಿಗೆ?’ ಎಂದು ಕೇಳಿದರೆ ಅಲ್ಲಿಗೆ ಮುಗಿಯಿತು. ಅದಕ್ಕೇ ಶಾಲೆಯವರು ಮೊದಲೇ ಹೋಗಿ ಅವರ ಹತ್ತಿರ ಮಾತಾಡಿ ಬರಬೇಕು. ಮಗುವನ್ನೇ ಕೇಳಿ, ಉತ್ತರ ಬರುವ ತನಕ ಕಾಯಿರಿ, ವಾಕ್ಯವನ್ನು ನೀವು ಮುಗಿಸಬೇಡಿ. ಇಷ್ಟೇ ಹೇಳಿಕೊಡಬೇಕಾದದ್ದು. ಟೀಚರ್ ಕೂಡ ಎರಡು ಹೆಜ್ಜೆ ಹಿಂದೆ ನಿಲ್ಲುವುದನ್ನು ಕಲಿಯಬೇಕು, ಅದು ಜಾಸ್ತಿ ಕಷ್ಟ.

ವೀಲ್‌ಚೇರ್ ಹತ್ತುವಂಥ ಇಳಿಜಾರು, ಒಳಗೆ ಹೋಗುವಷ್ಟು ಅಗಲದ ಬಾಗಿಲು ಇವೆಲ್ಲ ಇರಲೇಬೇಕು. ವರ್ಷಕ್ಕೊಂದು ದಿನದ ಕಾರ್ಯಕ್ರಮಕ್ಕಿಂತ ವಾರಕ್ಕೊಂದು ಗಂಟೆ, ಅದೇ ಜಾಗ, ಅದೇ ಜನ ಇದ್ದರೆ ಒಳ್ಳೆಯದು. ಗುರುತು ಬೆಳೆಯುವುದು ಹಾಗೆ.

ಯೋಜನೆ ಹಾಕುವ ಸಭೆಗೆ ದಯವಿಟ್ಟು ಮಕ್ಕಳನ್ನೂ ಕೂರಿಸಿಕೊಳ್ಳಿ. ಎಲ್ಲಿಗೆ ಹೋಗೋಣ, ಯಾರ ಜೊತೆ ಆಡೋಣ ಅಂತ ಅವರೇ ಹೇಳಲಿ. ಮಾತು ಬಾರದವರು ಚಿತ್ರ ತೋರಿಸಿ ಆರಿಸಲಿ. ಗದ್ದಲ ಸಹಿಸಲಾಗದ ಮಗು ‘ನಾನು ಬರಲ್ಲ’ ಅಂದರೆ ಅದನ್ನೂ ಒಪ್ಪಿಕೊಳ್ಳಿ.

ನಮಸ್ಕಾರ.