ದೊಡ್ಡಬೆಟ್ಟಕ್ಕಿಂತ ಗಿಡ್ಡ ಪರ್ವತದ ಮೇಲೆ ಹಿಮನದಿ

ಕೇಳುಗರೆಲ್ಲರಿಗೂ ನಮಸ್ಕಾರ.

ನೀಲಗಿರಿಯ ದೊಡ್ಡಬೆಟ್ಟವನ್ನು ನಿಮ್ಮಲ್ಲಿ ಅನೇಕರು ನೋಡಿದ್ದೀರಿ. ಎತ್ತರ 2,637 ಮೀಟರ್. ಅಮೆರಿಕದ ವಾಯವ್ಯ ಮೂಲೆಯಲ್ಲಿ, ಸಿಯಾಟಲ್ ನಗರದ ಪಶ್ಚಿಮಕ್ಕೆ, ಒಲಿಂಪಿಕ್ ಪರ್ವತಗಳಿವೆ. ಅಲ್ಲಿನ ಅತಿ ಎತ್ತರದ ಶಿಖರ ಮೌಂಟ್ ಒಲಿಂಪಸ್. ಅದು 2,432 ಮೀಟರ್, ಅಂದರೆ ದೊಡ್ಡಬೆಟ್ಟಕ್ಕಿಂತ ಇನ್ನೂರು ಮೀಟರ್ ಗಿಡ್ಡ. ಆದರೂ ಅದರ ಮೈಮೇಲೆ ಹಿಮನದಿಗಳಿವೆ. ಹೇಗೆ?

ತರಗತಿಯಲ್ಲಿ ಈ ಪ್ರಶ್ನೆ ಹಾಕಿದರೆ ಎಲ್ಲರೂ ಒಂದೇ ಉಸಿರಿಗೆ "ಚಳಿ ಸಾರ್" ಎನ್ನುತ್ತಾರೆ. ಚಳಿ ಬೇಕು, ನಿಜ. ಆದರೆ ಚಳಿ ಸಾಲದು ಎಂದು ಹೇಳಿ ಹೇಳಿ ನನ್ನ ಗಂಟಲು ಒಣಗಿದೆ. ಲೇಹ್ ಪಟ್ಟಣ ಸುಮಾರು 3,500 ಮೀಟರ್ ಎತ್ತರದಲ್ಲಿದೆ, ಚಳಿಗಾಲದಲ್ಲಿ ಮೂಳೆ ಕೊರೆಯುತ್ತದೆ. ಅಲ್ಲಿ ಹಿಮನದಿ ಕಾಣಬೇಕಾದರೆ ಇನ್ನೂ ಬಹಳ ಮೇಲಕ್ಕೆ ಹತ್ತಬೇಕು. ಏಕೆಂದರೆ ಅದು ಒಣ ನಾಡು. ಹಿಮನದಿಗೆ ಹಿಮ ಬೇಕು, ಹಿಮಕ್ಕೆ ನೀರು ಬೇಕು. ಇವತ್ತು ನಾನು ಹೇಳುವುದು ಇಷ್ಟೇ.

ಒಲಿಂಪಿಕ್ ಪರ್ವತಗಳಿಗೆ ನೀರಿನ ಕೊರತೆಯೇ ಇಲ್ಲ. ಮೂರು ದಿಕ್ಕಿನಲ್ಲೂ ಸಮುದ್ರ. ಪೆಸಿಫಿಕ್ ಸಾಗರದ ತೇವದ ಗಾಳಿ ನೇರವಾಗಿ ಬಂದು ಬೆಟ್ಟಕ್ಕೆ ಬಡಿಯುತ್ತದೆ, ಮೇಲೇರುತ್ತದೆ, ತಣ್ಣಗಾಗಿ ಸುರಿಯುತ್ತದೆ. ಆಗುಂಬೆಯಲ್ಲಿ ನಡೆಯುವುದೂ ಇದೇ. ಆದರೆ ಕಾಲ ತಿರುಗುಮುರುಗು: ಅಲ್ಲಿ ಮಳೆ ಅಕ್ಟೋಬರ್‌ನಿಂದ ಮಾರ್ಚ್‌ವರೆಗೆ, ಜುಲೈ ಆಗಸ್ಟ್ ಬಹುತೇಕ ಒಣ. ಮಳೆಗಾಲವೂ ಚಳಿಗಾಲವೂ ಒಟ್ಟಿಗೇ ಬರುವುದರಿಂದ ಮೇಲೆ ಬೀಳುವುದೆಲ್ಲ ಹಿಮ. ಬೇಸಿಗೆ ಅದನ್ನು ಪೂರ್ತಿ ಕರಗಿಸಲಾರದು.

ಕೆಳಗೆ ಹೋ ನದಿಯ ಕಣಿವೆಯಲ್ಲಿ ವರ್ಷಕ್ಕೆ ಸುಮಾರು 3,500 ಮಿಲಿಮೀಟರ್ ಮಳೆ. ಮೇಪಲ್ ಮರಗಳ ಕೊಂಬೆಗಳಿಂದ ಪಾಚಿ ಗಡ್ಡದಂತೆ ಇಳಿಬಿದ್ದಿರುತ್ತದೆ. ಉರುಳಿದ ದೊಡ್ಡ ಮರದ ಮೇಲೆಯೇ ಸ್ಪ್ರೂಸ್ ಸಸಿಗಳು ಸಾಲಾಗಿ ಹುಟ್ಟಿ, ಬೇರುಗಳನ್ನು ಎರಡೂ ಬದಿಗೆ ಇಳಿಬಿಟ್ಟು ನೆಲ ಹಿಡಿಯುತ್ತವೆ. ಕೆಳಗಿನ ಮರ ಕೊಳೆತುಹೋದ ಮೇಲೆ ಬೇರಿನ ಕಮಾನುಗಳ ಮೇಲೆ ನಿಂತ ಮರಗಳ ಸಾಲು ಉಳಿಯುತ್ತದೆ, ಯಾರೋ ದಾರ ಹಿಡಿದು ನೆಟ್ಟಂತೆ.

ಈ ಬೆಟ್ಟದ ಮಳೆ ಎಂಥದ್ದು ಎನ್ನುವುದಕ್ಕೆ ಒಂದು ಪ್ರಸಂಗ ಹೇಳಲೇಬೇಕು. 1889. ಈ ಬೆಟ್ಟಗಳಿರುವ ವಾಷಿಂಗ್ಟನ್ (ರಾಜಧಾನಿಯಲ್ಲ) ಆಗಷ್ಟೇ ಅಮೆರಿಕದ ಒಂದು ರಾಜ್ಯವಾಗಿತ್ತು. ಸಿಯಾಟಲ್‌ನಿಂದ ಕಣ್ಣಿಗೆ ಕಾಣುವ ಈ ಬೆಟ್ಟಗಳ ಒಳಗೆ ಏನಿದೆ ಎಂಬುದರ ನಕ್ಷೆಯೇ ಇರಲಿಲ್ಲ. 'ಸಿಯಾಟಲ್ ಪ್ರೆಸ್' ಎಂಬ ಪತ್ರಿಕೆ ಜೇಮ್ಸ್ ಕ್ರಿಸ್ಟಿ ಎಂಬವನ ನಾಯಕತ್ವದಲ್ಲಿ ಒಂದು ತಂಡ ಕಳುಹಿಸಿತು. ಯಾವಾಗ? ಡಿಸೆಂಬರ್‌ನಲ್ಲಿ! ಬೇರೆಯವರು ಮುಂದಾಗಿಬಿಟ್ಟಾರು ಎಂಬ ಆತುರ. ಎಲ್ವಾ ನದಿಯ ದಡದಲ್ಲಿ ಹಸಿ ಮರದ ಹಲಗೆಗಳಿಂದ ದೋಣಿ ಕಟ್ಟಿದರು, ಅದಕ್ಕೆ ಗರ್ಟಿ ಎಂದು ಹೆಸರನ್ನೂ ಇಟ್ಟರು. ಹಸಿ ಹಲಗೆಯ ದೋಣಿ ಸೋರದೆ ಇರುತ್ತದೆಯೇ? ಸೋರಿತು. ಹೊಳೆಯೋ ಎದುರಿನಿಂದ ರಭಸವಾಗಿ ಬರುತ್ತಿತ್ತು. ದೋಣಿಯಲ್ಲಿ ಕುಳಿತು ಹೋಗುವ ಬದಲು ಹಿಮದಷ್ಟು ತಣ್ಣಗಿನ ನೀರಿನಲ್ಲಿ ನಿಂತು ಹಗ್ಗದಿಂದ ಅದನ್ನು ಎಳೆದರು. ಎಷ್ಟೋ ದಿನ ಎಳೆದು ಕೊನೆಗೆ ಬಿಟ್ಟುಬಿಟ್ಟರು. ಹೇಸರಗತ್ತೆಗಳೂ ಕೊನೆಯವರೆಗೆ ಉಳಿಯಲಿಲ್ಲ. ಹಿಮದಲ್ಲಿ ಹೊರೆ ಹೊತ್ತು, ಹಸಿದು, 1890ರ ಮೇ ತಿಂಗಳಿನಲ್ಲಿ ದಕ್ಷಿಣದ ಕ್ವಿನಾಲ್ಟ್ ಕಡೆಯಿಂದ ಹೊರಬಿದ್ದರು. ಈಗಿನ ಚಾರಣಿಗರು ಬೇಸಿಗೆಯಲ್ಲಿ ಒಂದು ವಾರದೊಳಗೆ ದಾಟುವ ದಾರಿ ಅದು. ಅವರನ್ನು ಅರ್ಧ ವರ್ಷ ಸತಾಯಿಸಿದ್ದು ಬೆಟ್ಟದ ಎತ್ತರವಲ್ಲ, ಎತ್ತರ ಎಲ್ಲಿತ್ತು? ಸತಾಯಿಸಿದ್ದು ನೀರು ಮತ್ತು ಹಿಮ.

ಕ್ರಿಸ್ಟಿಯ ಕಥೆ ಹಿಡಿದರೆ ನನಗೆ ನಿಲ್ಲಿಸಲು ಬರುವುದಿಲ್ಲ. ಗಡಿಯಾರ ನೋಡುತ್ತಿದ್ದೇನೆ, ಉಳಿದದ್ದನ್ನು ಬೇಗ ಹೇಳುತ್ತೇನೆ.

ಬೆಟ್ಟದ ಈಶಾನ್ಯದ ಮರೆಯಲ್ಲಿ ಸ್ಕ್ವಿಮ್ ಎಂಬ ಊರಿದೆ. ಶಿಖರದಿಂದ ಐವತ್ತು ಅರವತ್ತು ಕಿಲೋಮೀಟರ್ ಅಷ್ಟೇ, ಮಳೆ ಮಾತ್ರ ವರ್ಷಕ್ಕೆ ಸುಮಾರು 400 ಮಿಲಿಮೀಟರ್. ಅಲ್ಲಿ ಬೇಸಾಯಕ್ಕೆ ಕಾಲುವೆ ತೋಡಬೇಕಾಯಿತು. 1896ರಿಂದ ನೀರಾವರಿ ಉತ್ಸವವನ್ನೇ ನಡೆಸುತ್ತಾರೆ. ಮೋಡ ಈಚೆಗೇ ಬರಿದಾದರೆ ಆಚೆಗೆ ಏನು ಸಿಕ್ಕೀತು?

ಇನ್ನು ಹಿಮನದಿಗಳ ಗತಿ. 1980ರ ಸುಮಾರಿಗೆ 266 ಎಣಿಸಿದ್ದರು, 2009ರ ಹೊತ್ತಿಗೆ 184. ಮಳೆ ನಿಂತಿತೇ? ಇಲ್ಲ. ಬೆಟ್ಟ ಗಿಡ್ಡವಾದ್ದರಿಂದ ಚಳಿಗಾಲದ ಉಷ್ಣತೆ ಸೊನ್ನೆಯ ಆಸುಪಾಸಿನಲ್ಲೇ ಆಡುತ್ತದೆ. ಒಂದೆರಡು ಡಿಗ್ರಿ ಏರಿದರೆ ಸಾಕು, ಹಿಮವಾಗಿ ಬೀಳಬೇಕಾದದ್ದು ಮಳೆಯಾಗಿ ಬಿದ್ದು ಹೊಳೆಗೆ ಹರಿದುಹೋಗುತ್ತದೆ. ಮೇಲಿನಿಂದ ಹಿಮದ ಜಮೆ ಕಡಿಮೆ, ಬೇಸಿಗೆಯ ಖರ್ಚು ಮಾತ್ರ ಹೆಚ್ಚು. ಇದೇ ಜಾಡು ಮುಂದುವರಿದರೆ 2070ರ ವೇಳೆಗೆ ಬಹುಪಾಲು ಇರುವುದಿಲ್ಲ ಎಂಬುದು ವಿಜ್ಞಾನಿಗಳ ಅಂದಾಜು.

ಸಿಯಾಟಲ್‌ನಲ್ಲಿ ಮಕ್ಕಳಿರುವ ತಂದೆತಾಯಿಯರು ಅನೇಕರು ಈ ಕಾರ್ಯಕ್ರಮ ಕೇಳುತ್ತೀರಿ ಎಂದು ಬಲ್ಲೆ. ಹೋದರೆ ಆಗಸ್ಟ್‌ನಲ್ಲಿ ಹೋಗಿ. ಹೋ ಕಣಿವೆಯನ್ನೂ ಸ್ಕ್ವಿಮ್ ಊರನ್ನೂ ಒಂದೇ ಪ್ರವಾಸದಲ್ಲಿ ನೋಡಿ. ಡಿಸೆಂಬರ್‌ನಲ್ಲಿ ಹೋಗುವುದಾದರೆ ದೋಣಿ ಕಟ್ಟಬೇಡಿ. ನಮಸ್ಕಾರ.